ದೀಪದ ಹಬ್ಬವೂ ಮೂಕಪ್ರಾಣಿಗಳ ಪಾಡೂ

ಬೀದರ ಜಿಲ್ಲೆಯ ಗಡಿಭಾಗದಲ್ಲಿ ದೀಪಾವಳಿಯು ದನಕರುಗಳ ಹಬ್ಬವಾಗಿಯೇ ಮೊದಲಾಗುತ್ತದೆ. ಆಶ್ವಯುಜ ಬಹುಳ ದ್ವಾದಶಿಯ ಸಂಜೆ ಕರುವಿನೊಡನೆ ಹಸುವನ್ನು ಅಂಗಳದಲ್ಲಿ ನಿಲ್ಲಿಸಿ, ಅರಿಸಿನ ಕುಂಕುಮವಿಟ್ಟು ಆರತಿಯೆತ್ತುವ ಪದ್ಧತಿ ಅನೇಕ ಮನೆಗಳಲ್ಲಿ ಇಂದಿಗೂ ನಡೆದುಬಂದಿದೆ. ಪಾಡ್ಯದ ದಿನ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಅವುಗಳ ಮುಂದೆ ದೀಪ ಬೆಳಗುವುದೂ ಉಂಟು. ಆದರೆ ಈ ಎರಡು ಪೂಜೆಗಳ ನಡುವೆ ಬರುವ ಅಮಾವಾಸ್ಯೆಯ ರಾತ್ರಿ ನಾವು ಮಾಡುವುದೇನು? ಅದೇ ಹಸುವನ್ನು ಕಟ್ಟಿದ ಕೊಟ್ಟಿಗೆಯ ಮಗ್ಗುಲಲ್ಲಿಯೇ ಸಾವಿರದ ಸರಕ್ಕೆ ಬೆಂಕಿ ಇಕ್ಕುತ್ತೇವೆ. ಹಸು ಹಗ್ಗವನ್ನು ಜಗ್ಗಿ ಗೂಟಕ್ಕೆ ಸುತ್ತಿಕೊಳ್ಳುತ್ತದೆ. ಕರು ತಾಯಿಯ ಹೊಟ್ಟೆಯ ಕೆಳಗೆ ನುಗ್ಗುತ್ತದೆ. ಓಣಿಯ ನಾಯಿ ಬಾಲ ಮುದುಡಿಕೊಂಡು ಯಾವುದೋ ಚರಂಡಿಯ ಸಂದಿಯಲ್ಲಿ ಅಡಗುತ್ತದೆ. ಮುನ್ನಾದಿನ ತಾಯಿಯೆಂದು ಆರತಿಯೆತ್ತಿದ ಕೈಯೇ ಮರುದಿನ ಅದರ ಕಿವಿಯ ಬಳಿ ಸಿಡಿಮದ್ದನ್ನು ಹೊತ್ತಿಸುವುದು ಎಂಥ ಭಕ್ತಿ ಎಂದು ಕೇಳಬೇಕಾದ ಕಾಲ ಒದಗಿದೆ.

ಬಸವಕಲ್ಯಾಣದಿಂದ ಬೇರೆಯಾಗಿ ಕೆಲವೇ ವರ್ಷಗಳ ಹಿಂದೆ ಸ್ವತಂತ್ರ ತಾಲೂಕೆನಿಸಿದ ಹುಲಸೂರವನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ಇದು ಒಕ್ಕಲುತನದ ಊರು. ಇಲ್ಲಿಯ ಓಣಿಗಳಲ್ಲಿ ಮನುಷ್ಯರ ಮನೆಗೂ ದನಗಳ ಕೊಟ್ಟಿಗೆಗೂ ನಡುವೆ ಬಹಳವೆಂದರೆ ಒಂದು ಗೋಡೆ. ದೊಡ್ಡ ಪಟ್ಟಣಗಳಲ್ಲಿ ಪಟಾಕಿಯ ಮಾತು ಬಂದಾಗ ಹೊಗೆಯ ವಿಚಾರವೇ ಮೊದಲು ಬರುತ್ತದೆ; ನಾಯಿ ಬೆಕ್ಕುಗಳನ್ನು ಸಾಕಿದ ಕೆಲವರು ಮಾತ್ರ ಸದ್ದಿನ ಮಾತೆತ್ತುತ್ತಾರೆ. ಹುಲಸೂರದಂಥ ಊರುಗಳಲ್ಲಿಯಾದರೋ ಊರಿನ ಜೀವರಾಶಿಯಲ್ಲಿ ಒಂದು ದೊಡ್ಡ ಪಾಲು ನಾಲ್ಕು ಕಾಲಿನದು. ಆ ಪಾಲಿನ ಪರವಾಗಿ ಅರ್ಜಿ ಬರೆಯುವವರಿಲ್ಲ, ಸಭೆ ಕೂಡಿಸುವವರಿಲ್ಲ. ಆದುದರಿಂದಲೇ ಈ ವಿಷಯವನ್ನು ನಮ್ಮ ವಾಚಕರ ಮುಂದೆಯೂ ಅಧಿಕಾರಿಗಳ ಮುಂದೆಯೂ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಕಾಯಿದೆಯ ಸ್ಥಿತಿಯನ್ನು ನೋಡೋಣ. ನಿರ್ಬಂಧಗಳಿಲ್ಲವೆಂದು ಯಾರೂ ಹೇಳುವಂತಿಲ್ಲ. ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ಲಿಗಿಂತ ಹೆಚ್ಚು ಸದ್ದು ಮಾಡುವ ಪಟಾಕಿಗಳನ್ನು ತಯಾರಿಸಕೂಡದು, ಮಾರಕೂಡದು, ಹಾರಿಸಕೂಡದು ಎಂಬ ಕಟ್ಟಳೆ 1999ರಿಂದಲೂ ಇದೆ. 2000ದಲ್ಲಿ ಶಬ್ದಮಾಲಿನ್ಯ ನಿಯಂತ್ರಣದ ನಿಯಮಗಳು ಬಂದವು. 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯ ವರೆಗೆ ಸದ್ದಿನ ಪಟಾಕಿಗಳನ್ನು ಸುಡಬಾರದೆಂದು ವಿಧಿಸಿತು. 2015ರಲ್ಲಿ ದಿಲ್ಲಿಯ ಮೂವರು ಹಸುಗೂಸುಗಳ ಹೆಸರಿನಲ್ಲಿ ಅವರ ಹಿರಿಯರು ಸಲ್ಲಿಸಿದ ಅರ್ಜಿಯ ಮೇಲೆ ಅದೇ ನ್ಯಾಯಾಲಯವು 2018ರ ಅಕ್ಟೋಬರ್ 23ರಂದು ಇನ್ನೂ ಬಿಗಿಯಾದ ತೀರ್ಪನ್ನಿತ್ತಿತು: ಕಡಿಮೆ ಹೊಗೆಯ ಹಸಿರು ಪಟಾಕಿಗಳಿಗೆ ಮಾತ್ರ ಅನುಮತಿ, ದೀಪಾವಳಿಯಂದು ರಾತ್ರಿ 8ರಿಂದ 10ರ ವರೆಗೆ ಮಾತ್ರ ಅವಕಾಶ, ಬೇರಿಯಂ ಲವಣಗಳ ಬಳಕೆಗೆ ನಿಷೇಧ, ಒಂದಕ್ಕೊಂದು ಪೋಣಿಸಿದ ಸರಪಟಾಕಿಗೂ ನಿಷೇಧ. ಇದು ದಿಲ್ಲಿಯವರಿಗೆ ಹೇಳಿದ್ದು, ನಮಗಲ್ಲ ಎಂದು ನುಣುಚಿಕೊಳ್ಳುವವರಿಗೂ ಎಡೆಯಿಲ್ಲದಂತೆ, ಈ ಆಜ್ಞೆಗಳು ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತವೆಂದು ನ್ಯಾಯಾಲಯವು 2023ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು.

ನಮ್ಮ ರಾಜ್ಯದಲ್ಲಿಯೂ ಎಚ್ಚರ ಬಂದಿತು. ಆದರೆ ಬಂದದ್ದು ಹೆಣಗಳನ್ನು ಎಣಿಸಿದ ಮೇಲೆ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹತ್ತಿರದ ಅತ್ತಿಬೆಲೆಯಲ್ಲಿ ಪಟಾಕಿಯ ಉಗ್ರಾಣಕ್ಕೆ ಬೆಂಕಿ ಹತ್ತಿ 14ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಮಂದಿ ಹಬ್ಬದ ಮುಂಚೆ ನಾಲ್ಕು ಕಾಸು ಗಳಿಸಲು ತಮಿಳುನಾಡಿನಿಂದ ಬಂದ ತರುಣರು. ಆ ಬಳಿಕವೇ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಹಸಿರು ಪಟಾಕಿಗಳನ್ನುಳಿದು ಮಿಕ್ಕವುಗಳಿಗೆ ಅವಕಾಶವಿಲ್ಲವೆಂದೂ, ಮದುವೆ, ರಾಜಕೀಯ ಮೆರವಣಿಗೆ ಮತ್ತು ಗಣೇಶೋತ್ಸವಗಳಲ್ಲಿ ಪಟಾಕಿ ಸಲ್ಲದೆಂದೂ ಸಾರಿದರು. ಹೀಗೆ ಕಾಗದದ ಮೇಲೆ ಎಲ್ಲವೂ ಇದೆ. ಊರಿನ ಬೀದಿಯಲ್ಲಿ ಏನಿದೆ ಎಂಬುದನ್ನು ದೀಪಾವಳಿಯ ರಾತ್ರಿ ಮನೆಯಲ್ಲಿದ್ದ ಯಾವ ಅಧಿಕಾರಿಗೂ ನಾವು ಹೇಳಿಕೊಡಬೇಕಾಗಿಲ್ಲ.

ಈ ನಿಯಮಗಳನ್ನು ಒಂದೊಂದಾಗಿ ಓದಿದರೆ ಇನ್ನೊಂದು ಸಂಗತಿ ಮನಸ್ಸಿಗೆ ಬರುತ್ತದೆ. ಇವೆಲ್ಲವೂ ಮನುಷ್ಯನ ಸಲುವಾಗಿ ಹುಟ್ಟಿದವು. ರಾತ್ರಿ ಹತ್ತರ ಗಡಿ ಮನುಷ್ಯನ ನಿದ್ರೆಗಾಗಿ. ಹೊಗೆಯ ನಿಯಮ ಮನುಷ್ಯನ ಪುಪ್ಪುಸಕ್ಕಾಗಿ. ಆಸ್ಪತ್ರೆ, ಪಾಠಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯವನ್ನು ಘೋಷಿಸಬಹುದು, ಅಲ್ಲಿ ಪಟಾಕಿ ಸುಡಬಾರದು. ಆದರೆ ದನದ ಕೊಟ್ಟಿಗೆಯ ಸುತ್ತ, ಗೋಶಾಲೆಯ ಸುತ್ತ, ಹಕ್ಕಿಗಳು ತಂಗುವ ಕೆರೆಯ ಸುತ್ತ ಅಂಥ ಗೆರೆಯನ್ನು ಯಾರೂ ಎಳೆದಿಲ್ಲ. ಹಸಿರು ಪಟಾಕಿಯ ಮಾತೂ ಹಾಗೆಯೇ. ನಾಗಪುರದ ರಾಷ್ಟ್ರೀಯ ಪರಿಸರ ತಾಂತ್ರಿಕ ಸಂಶೋಧನಾಲಯವು ರೂಪಿಸಿದ ಈ ಪಟಾಕಿಗಳ ಮುಖ್ಯ ಗುಣವೆಂದರೆ ಹೊಗೆ ಮತ್ತು ದೂಳಿನ ಕಣಗಳನ್ನು ಶೇಕಡಾ 30ರಷ್ಟು ತಗ್ಗಿಸುವುದು. ಇದು ಒಳ್ಳೆಯದೇ. ಆದರೆ ಹಸಿರೆಂಬ ಹೆಸರಿದ್ದ ಮಾತ್ರಕ್ಕೆ ಅದು ಮೌನವಾಗಿ ಸಿಡಿಯುವುದಿಲ್ಲ. ಡಬ್ಬಿಯ ಮೇಲೆ ಹಸಿರು ಮುದ್ರೆಯಿದ್ದರೂ ಎಮ್ಮೆಯ ಕಿವಿಗೆ ಸಿಡಿಮದ್ದು ಸಿಡಿಮದ್ದೇ.

ಪ್ರಾಣಿಗಳ ಕಿವಿಯ ವಿಚಾರದಲ್ಲಿ ವಿಜ್ಞಾನವು ಹೇಳುವುದನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳ ವರೆಗಿನ ಸ್ವರವನ್ನು ಗ್ರಹಿಸಬಲ್ಲುದು. ಆಕಳಿನ ಕಿವಿ ಸುಮಾರು 35,000ದ ವರೆಗೆ, ನಾಯಿಯದು ಸುಮಾರು 45,000ದ ವರೆಗೆ, ಬೆಕ್ಕಿನದು 60,000ಕ್ಕೂ ಮೀರಿ ಗ್ರಹಿಸುತ್ತದೆ. ನಮ್ಮ ಪಾಲಿಗೆ ಇಲ್ಲವೇ ಇಲ್ಲದ ಕಿರುಚಾಟವೂ ಅವುಗಳ ಪಾಲಿಗೆ ಇದೆ. ಇದಕ್ಕಿಂತಲೂ ದೊಡ್ಡ ಭೇದವೊಂದಿದೆ. ಬತ್ತಿಗೆ ಕಿಡಿ ತಾಗಿದುದನ್ನು ನಾವು ಕಂಡಿರುತ್ತೇವೆ. ಸದ್ದು ಬರುವುದೆಂದು ಅರಿತು ಕಿವಿ ಮುಚ್ಚಿಕೊಳ್ಳುತ್ತೇವೆ. ಇದು ಹಬ್ಬವೆಂದು ನಗುತ್ತೇವೆ. ಪ್ರಾಣಿಗೆ ಈ ಮೂರೂ ಇಲ್ಲ. ಅದಕ್ಕೆ ಗೊತ್ತಿರುವ ಉಪಾಯ ಒಂದೇ: ಸದ್ದಾದ ಕಡೆಯಿಂದ ದೂರ ಓಡುವುದು. ಕಾಡಿನ ಪ್ರಾಣಿಯಾದರೆ ಓಡೀತು. ನಾವಾದರೋ ಕೊರಳಿಗೆ ಹಗ್ಗ ಹಾಕಿ, ಸರಪಳಿ ಬಿಗಿದು, ಓಡುವ ಆ ಒಂದು ಉಪಾಯವನ್ನೂ ಕಸಿದುಕೊಂಡಿದ್ದೇವೆ. ಕಟ್ಟಿದವನ ಮೇಲೆ ಕಾಯುವ ಹೊಣೆಯೂ ಇದೆಯೆಂಬುದನ್ನು ಯಾವ ನ್ಯಾಯಶಾಸ್ತ್ರವೂ ಅಲ್ಲಗಳೆಯಲಾರದು.

ಇದು ಬರಿಯ ಕನಿಕರದ ಮಾತೆಂದು ತಿಳಿಯುವ ವ್ಯವಹಾರಸ್ಥರಿಗೆ ಲಾಭನಷ್ಟದ ಲೆಕ್ಕವನ್ನೂ ತೋರಿಸಬಹುದು. 1941ರಷ್ಟು ಹಿಂದೆಯೇ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ಪಂಡಿತರು ಕರೆಯುವ ಹಸುಗಳ ಪಕ್ಕದಲ್ಲಿ ಕಾಗದದ ಚೀಲಗಳನ್ನು ಊದಿ ಒಡೆದು ಬೆದರಿಸಿ ನೋಡಿದರು. ಬೆದರಿದ ಹಸು ಹಾಲನ್ನು ಸೊರೆಬಿಡಲಿಲ್ಲ. ಕೆಚ್ಚಲಿನಲ್ಲಿ ಹಾಲಿದ್ದರೂ ಅದು ಇಳಿಯಲಿಲ್ಲ. ಭಯವಾದಾಗ ರಕ್ತದಲ್ಲಿ ಸೇರುವ ಅಡ್ರಿನಲೀನ್ ಎಂಬ ರಸವು ಹಾಲಿಳಿಸುವ ರಸದ ಕೆಲಸಕ್ಕೆ ಅಡ್ಡಬರುವುದೆಂಬುದು ಇಂಥ ಪ್ರಯೋಗಗಳಿಂದ ಸಿದ್ಧವಾಯಿತು. ಕಾಗದದ ಚೀಲ ಒಡೆದ ಸದ್ದಿಗೇ ಹೀಗಾದರೆ, ಸಾವಿರದ ಸರಕ್ಕೆ ಹೇಗಾದೀತು? ನಮ್ಮ ಗೌಳಿಗರಿಗೂ ಗೃಹಿಣಿಯರಿಗೂ ಈ ಸತ್ಯವನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬೆದರಿದ ದನ ಕೊಡಕ್ಕೆ ಒದೆಯುವುದೆಂಬುದನ್ನು ಅವರು ಬಲ್ಲರು. ಗಬ್ಬದ ಹಸು, ಆಗಷ್ಟೇ ಈದ ಎಮ್ಮೆ, ಹಗ್ಗಕ್ಕೆ ಸಿಕ್ಕು ಕಾಲು ಮುರಿದುಕೊಂಡ ಎತ್ತು, ಇವುಗಳ ನಷ್ಟ ಯಾವ ಸರಕಾರಿ ದಫ್ತರದಲ್ಲಿಯೂ ಏರುವುದಿಲ್ಲ. ಒಕ್ಕಲಿಗನ ಕಡದ ಪುಸ್ತಕದಲ್ಲಿ ಮಾತ್ರ ಏರುತ್ತದೆ.

ನಮ್ಮ ನೆಲದ ದನವೆಂದರೆ ದೇವಣಿ. ನೆರೆಯ ಲಾತೂರ ಜಿಲ್ಲೆಯ ಊರಿನಿಂದ ಹೆಸರು ಪಡೆದು, ಬೀದರಿನ ಕಪ್ಪು ಮಣ್ಣಿನಲ್ಲಿ ಬೆಳೆದ ಈ ತಳಿಯು ಹಾಲಿಗೂ ಆಯಿತು, ನೇಗಿಲಿಗೂ ಆಯಿತು. ರಾಜ್ಯದ ಪಶುವೈದ್ಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೂ ಬೀದರಿನಲ್ಲಿಯೇ ಇದೆ. ಇಂಥ ಜಿಲ್ಲೆಯೇ ದನಗಳ ಹಿತದಲ್ಲಿ ಮಿಕ್ಕ ಜಿಲ್ಲೆಗಳಿಗೆ ದಾರಿ ತೋರಿಸಬೇಕಾದುದು ನ್ಯಾಯ. ಅಲ್ಲದೆ ಕಾಲವನ್ನೂ ಗಮನಿಸಬೇಕು. ದೀಪಾವಳಿಯ ಹೊತ್ತಿಗೆ ಸೋಯಾ ಕೊಯ್ದು ಕಣಗಳಲ್ಲಿ ರಾಶಿ ಹಾಕಿರುತ್ತಾರೆ; ಹಿತ್ತಿಲುಗಳಲ್ಲಿ ಒಣ ಮೇವಿನ ಬಣವೆಗಳಿರುತ್ತವೆ. ಆಕಾಶಬಾಣವೊಂದು ದಾರಿ ತಪ್ಪಿ ಬಣವೆಯ ಮೇಲೆ ಬಿದ್ದರೆ ವರ್ಷದ ಮೇವು ಅರೆಗಳಿಗೆಯಲ್ಲಿ ಬೂದಿಯಾಗುತ್ತದೆ. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಬಿದ್ದ ಕಾಗದದ ಚೂರುಗಳನ್ನೂ ಸಿಡಿಯದೆ ಉಳಿದ ಮದ್ದನ್ನೂ ಬಿಡಾಡಿ ದನಗಳು ಮೂಸಿ ಮೆಲ್ಲುವುದನ್ನು ನಾವೆಲ್ಲರೂ ಕಂಡವರೇ. ಗಂಧಕವೂ ಲೋಹದ ಪುಡಿಯೂ ಯಾವ ದನದ ಮೇವೂ ಅಲ್ಲ.

ನಾಯಿಗಳ ಪಾಡೂ ಕಡಿಮೆಯದಲ್ಲ. ಇಂಗ್ಲಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ನಾಯಿ ಸಾಕಿದವರನ್ನು ವಿಚಾರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳು ಇಂಥ ಸದ್ದಿಗೆ ನಡುಗುವುದು, ಬೊಗಳುವುದು, ಅಡಗುವುದು ಮೊದಲಾದ ಭಯದ ಚಿಹ್ನೆಗಳಲ್ಲಿ ಒಂದನ್ನಾದರೂ ತೋರಿಸುವುವೆಂದು ಕಂಡುಬಂದಿತು. ಅವು ಸಾಕಿದ ನಾಯಿಗಳು. ಮನೆಯ ಬಾಗಿಲು ತೆರೆದರೆ ಒಡೆಯನ ಕಾಲಬುಡಕ್ಕೆ ಬಂದು ಕೂತವು. ಬೀದಿಯ ನಾಯಿಗೆ ಯಾರ ಬಾಗಿಲು? ಅದು ಓಡುತ್ತ ಹೋಗಿ ತನ್ನ ಓಣಿಯನ್ನು ಮರೆತು, ಪರ ಓಣಿಯ ನಾಯಿಗಳ ಬಾಯಿಗೋ ಹೆದ್ದಾರಿಯ ಲಾರಿಯ ಗಾಲಿಗೋ ಸಿಕ್ಕುತ್ತದೆ. ಇನ್ನು ಬಾಲಕ್ಕೆ ಸರ ಕಟ್ಟಿ ಬೆಂಕಿ ಹಚ್ಚುವ ಹುಡುಗಾಟಿಕೆಯ ಬಗ್ಗೆ ಏನು ಹೇಳೋಣ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕಿಗಾದರೂ ಹಸಿವೆಯಿದೆ. ಈ ಚೆಲ್ಲಾಟಕ್ಕೆ ಆ ನೆಪವೂ ಇಲ್ಲ.

ಹಕ್ಕಿಗಳ ವಿಚಾರದಲ್ಲಿ ಯುರೋಪಿನವರು ಯಂತ್ರಗಳಿಂದ ಅಳೆದೇ ನೋಡಿದ್ದಾರೆ. ನೆದರ್ಲೆಂಡಿನಲ್ಲಿ ಹವೆಯನ್ನು ನೋಡುವ ರಾಡಾರಿನ ಮೂಲಕ ಹೊಸವರ್ಷದ ರಾತ್ರಿಗಳನ್ನು ಪರೀಕ್ಷಿಸಿದಾಗ, ನಡುರಾತ್ರಿಯ ಗಂಟೆ ಬಾರಿಸಿ ಪಟಾಕಿಗಳು ಸಿಡಿದ ಕೆಲವೇ ಕ್ಷಣಗಳಲ್ಲಿ ನೀರಹಕ್ಕಿಗಳು ಹಿಂಡುಹಿಂಡಾಗಿ ಮೇಲೆದ್ದು 500 ಮೀಟರಿನಷ್ಟು ಎತ್ತರಕ್ಕೆ ಕತ್ತಲೆಯಲ್ಲಿ ಹಾರಾಡಿದುದು ಕಂಡುಬಂದಿತು. 2011ರಲ್ಲಿ ಅದು ಪ್ರಕಟವಾಯಿತು. 2021ರ ಹೊಸವರ್ಷದ ಬೆಳಗಿನಲ್ಲಿ ರೋಮ್ ನಗರದ ರೈಲು ನಿಲ್ದಾಣದ ಸುತ್ತಿನ ಬೀದಿಗಳಲ್ಲಿ ನೂರಾರು ಹಕ್ಕಿಗಳು ಸತ್ತು ಬಿದ್ದಿದ್ದ ಚಿತ್ರಗಳನ್ನು ಲೋಕವೆಲ್ಲ ನೋಡಿತು. ನಮ್ಮಲ್ಲಿ ದೀಪಾವಳಿಯು ಬರುವುದೂ ಉತ್ತರದ ವಲಸೆಹಕ್ಕಿಗಳು ಕಾರಂಜಾ, ಚುಳಕಿನಾಲಾದಂಥ ಜಲಾಶಯಗಳ ಕಡೆಗೆ ಇಳಿಯತೊಡಗುವುದೂ ಸರಿಸುಮಾರು ಒಂದೇ ಋತುವಿನಲ್ಲಿ. ಸಾವಿರಾರು ಮೈಲಿ ಹಾರಿ ಬಂದ ಅತಿಥಿಗಳಿಗೆ ನಾವು ಕೊಡುವ ಸ್ವಾಗತ ಇದೇ ಏನು?

ಇನ್ನು ಆಕ್ಷೇಪಗಳನ್ನು ನೋಡೋಣ. ಮೊದಲನೆಯದು ಧರ್ಮದ ಆಕ್ಷೇಪ. ಪಟಾಕಿಯಿಲ್ಲದೆ ದೀಪಾವಳಿಯೆಂತು, ಪೂರ್ವಜರ ಸಂಪ್ರದಾಯವನ್ನು ಮುರಿಯುವಿರಾ ಎಂದು ಕೆಲವರು ಕೇಳುತ್ತಾರೆ. ಸಂಪ್ರದಾಯದ ಮೇಲೆ ನಮಗೂ ಗೌರವವಿದೆ. ಆದುದರಿಂದಲೇ ಅದರ ವಯಸ್ಸನ್ನು ವಿಚಾರಿಸುತ್ತೇವೆ. ಮದ್ದಿನ ಪುಡಿಯು ಹುಟ್ಟಿದ್ದು ಚೀನಾ ದೇಶದಲ್ಲಿ. ನಮ್ಮ ದೇಶದ ಪಟಾಕಿಗಳ ಚರಿತ್ರೆಯನ್ನು ಶೋಧಿಸಿದ ಪುಣೆಯ ಭಾಂಡಾರಕರ ಸಂಶೋಧನ ಮಂದಿರದ ವಿದ್ವಾಂಸ ಪ. ಕೃ. ಗೋಡೆಯವರು ಆ ಚರಿತ್ರೆಯನ್ನು 1400ರ ಈಚೆಗೆ ಆರಂಭಿಸುತ್ತಾರೆ. ಅವರ ಆ ಪುಸ್ತಕವು 1953ರಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಬಂದಿತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಮಹಾನವಮಿಯ ಉತ್ಸವದಲ್ಲಿ ಬಾಣಬಿರುಸುಗಳನ್ನು ಕಂಡು ಬರೆದಿಟ್ಟನು. ಬಸವಣ್ಣನವರು ಬಿಜ್ಜಳನ ಕಲ್ಯಾಣದಲ್ಲಿದ್ದುದಾದರೋ ಹನ್ನೆರಡನೆಯ ಶತಮಾನದಲ್ಲಿ. ಅಂದಿನ ಕಲ್ಯಾಣದ ಓಣಿಗಳಲ್ಲಿ ದೀಪಾವಳಿಯ ಹಣತೆಗಳು ಉರಿದಿರಬೇಕು. ಒಂದು ಪಟಾಕಿಯೂ ಸಿಡಿದಿರಲಾರದು. ಹಾಗೆಂದ ಮಾತ್ರಕ್ಕೆ ಅಂದಿನವರ ಹಬ್ಬ ಕಡಿಮೆಯಾಗಿತ್ತೇನು?

ಪಿತೃಗಳಿಗೆ ದಾರಿ ತೋರಿಸಲು ಕೊಳ್ಳಿಯ ಬೆಳಕನ್ನು ಹಿಡಿಯುವ ಉಲ್ಕಾದಾನವು ಶಾಸ್ತ್ರದಲ್ಲಿ ಇದೆಯೆಂದು ಪಂಡಿತರು ತೋರಿಸುತ್ತಾರೆ. ಇರಲಿ, ಅದು ನಿಜವೇ. ಆದರೆ ಅಲ್ಲಿ ಹೇಳಿರುವುದು ಬೆಳಕನ್ನು, ಸದ್ದನ್ನಲ್ಲ. ಸುರುಸುರುಬತ್ತಿ, ಹೂಕುಂಡ, ಹಣತೆಯ ಸಾಲು, ಆಕಾಶಬುಟ್ಟಿ, ಇವುಗಳಲ್ಲಿ ಬೆಳಕಿನ ಸಂತೋಷವೆಲ್ಲವೂ ಇದೆ. ದೀಪಾವಳಿ ಎಂಬ ಹೆಸರೇ ದೀಪಗಳ ಸಾಲೆಂದು ಹೇಳುತ್ತಿರುವಾಗ ಸಿಡಿಲನ್ನೇಕೆ ಸಂಪ್ರದಾಯವೆನ್ನಬೇಕು? ದಯೆಯನ್ನು ಧರ್ಮದ ಬೇರಿನ ಸ್ಥಾನದಲ್ಲಿರಿಸಿದ ಶರಣರ ಕರ್ಮಭೂಮಿಯಲ್ಲಿ ನಿಂತು, ಮೂಕಪ್ರಾಣಿಯ ನಡುಕವನ್ನು ಧರ್ಮದ ಹೆಸರಿನಲ್ಲಿ ಸಮರ್ಥಿಸುವುದು ನಮಗೆ ಒಪ್ಪುವ ಮಾತಲ್ಲ.

ಎರಡನೆಯ ಆಕ್ಷೇಪವು ಸಮಾನತೆಯದು. ನಮ್ಮ ಹಬ್ಬಕ್ಕೆ ಮಾತ್ರವೇ ಕಡಿವಾಣವೇಕೆಂಬ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ, ಅದರಲ್ಲಿ ಹುರುಳಿದೆ. ಕಾಯಿದೆಯು ಎಲ್ಲರಿಗೂ ಒಂದೇ ಆಗಿರಬೇಕು. 2018ರ ತೀರ್ಪು ಕ್ರಿಸ್‌ಮಸ್ ಮತ್ತು ಹೊಸವರ್ಷದ ರಾತ್ರಿಗಳಿಗೆ ರಾತ್ರಿ 11-55ರಿಂದ 12-30ರ ವರೆಗಿನ ಬರಿಯ 35 ನಿಮಿಷಗಳನ್ನಷ್ಟೇ ಕೊಟ್ಟಿತೆಂಬುದನ್ನು ಆಕ್ಷೇಪಿಸುವವರು ಮರೆಯಬಾರದು. ಆದರೂ ನಮ್ಮ ದೃಷ್ಟಿಯಲ್ಲಿ ಹಬ್ಬಕ್ಕಿಂತ ಹೆಚ್ಚಿನ ಅಪರಾಧಿಗಳು ಬೇರೆ ಇದ್ದಾರೆ. ದೀಪಾವಳಿ ಯಾವಾಗ ಬರುವುದೆಂದು ಪಂಚಾಂಗ ಹೇಳುತ್ತದೆ. ಒಕ್ಕಲಿಗನು ದನಗಳನ್ನು ಒಳಗೆ ಕಟ್ಟಿಕೊಂಡಾನು. ಮದುವೆಯ ದಿಬ್ಬಣ, ಚುನಾವಣೆಯ ವಿಜಯೋತ್ಸವ, ಕ್ರಿಕೆಟ್ಟಿನ ಗೆಲುವು, ನಾಯಕರ ಹುಟ್ಟುಹಬ್ಬ, ಇವುಗಳಿಗೆ ಪಂಚಾಂಗವೂ ಇಲ್ಲ, ಗಡಿಯಾರವೂ ಇಲ್ಲ. ನಿಯಮವನ್ನು ಮಾಡಿದವರ ಅನುಯಾಯಿಗಳೇ ಆರಿಸಿಬಂದ ದಿನ ನಡುಬೀದಿಯಲ್ಲಿ ಸರಕ್ಕೆ ಬೆಂಕಿಯಿಕ್ಕುವುದು ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲದೆ ಮತ್ತೇನು? ಎಲ್ಲ ಪಕ್ಷಗಳವರೂ, ಎಲ್ಲ ಮತಗಳವರೂ, ಜಾತ್ರೆ ಮೆರವಣಿಗೆಗಳ ಎಲ್ಲ ಮಂಡಳಿಗಳವರೂ ಒಂದೇ ನಿಯಮಕ್ಕೆ ತಲೆಬಾಗಬೇಕೆಂಬುದೇ ನಮ್ಮ ವಾದ.

ಮೂರನೆಯದು ಹೊಟ್ಟೆಪಾಡಿನ ಆಕ್ಷೇಪ. ಶಿವಕಾಶಿಯ ಬಿಸಿಲ ನಾಡಿನಲ್ಲಿ ಲಕ್ಷಾಂತರ ಜನರು ಈ ಉದ್ಯೋಗವನ್ನು ನಂಬಿದ್ದಾರೆ. ನಮ್ಮ ಊರುಗಳಲ್ಲಿಯೂ ಹಬ್ಬದ ನಾಲ್ಕು ದಿನ ಅಂಗಡಿ ಹಾಕಿ ಬದುಕುವ ಬಡವರಿದ್ದಾರೆ. ಅವರ ಅನ್ನಕ್ಕೆ ಮಣ್ಣು ಹಾಕಬೇಕೆಂದು ನಾವು ಹೇಳುವುದಿಲ್ಲ. ಆದರೆ ಅತ್ತಿಬೆಲೆಯಲ್ಲಿ ಸುಟ್ಟುಹೋದವರೂ ಹೊಟ್ಟೆಪಾಡಿಗೆ ಬಂದವರೇ. 2024ರ ಅಕ್ಟೋಬರಿನಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೇವಸ್ಥಾನವೊಂದರಲ್ಲಿ ತೆಯ್ಯಂ ಉತ್ಸವದ ವೇಳೆ ಪಟಾಕಿಯ ದಾಸ್ತಾನಿಗೆ ಕಿಡಿ ಬಿದ್ದು ನೂರೈವತ್ತಕ್ಕೂ ಹೆಚ್ಚು ಭಕ್ತರು ಗಾಯಗೊಂಡರು. ಈ ಉದ್ಯಮವು ಸದ್ದಿನಿಂದ ಬೆಳಕಿನ ಕಡೆಗೆ, ಸಿಡಿಯುವುದರಿಂದ ಅರಳುವುದರ ಕಡೆಗೆ ತಿರುಗಿದರೆ ಕಾರ್ಮಿಕನ ಕೆಲಸವೂ ಉಳಿದೀತು, ಕೈಬೆರಳುಗಳೂ ಉಳಿದಾವು. ಇಟಲಿಯ ಕೊಲ್ಲೆಕ್ಕಿಯೋ ಎಂಬ ಸಣ್ಣ ಪಟ್ಟಣವು ಪ್ರಾಣಿಗಳ ಸಲುವಾಗಿಯೇ ಸದ್ದಿಲ್ಲದ ಬಾಣಬಿರುಸುಗಳನ್ನು ಮಾತ್ರ ಬಳಸಬೇಕೆಂದು ನಿಯಮ ಮಾಡಿ ಹೆಸರಾಯಿತು. ಕೊಳ್ಳುವವರು ಬೇಡಿದುದನ್ನೇ ಮಾಡುವವರು ಮಾಡುತ್ತಾರೆ. ಬೇಡಿಕೆಯನ್ನು ತಿದ್ದಬೇಕಾದವರು ಗಿರಾಕಿಗಳಾದ ನಾವು.

ಹಾಗಾದರೆ ಕಾಯಿದೆಯು ಕೈಯಲ್ಲಿರುವಾಗ ಕೆಲಸವೇಕೆ ಆಗುತ್ತಿಲ್ಲ? ಒಂದು ಕಾರಣ ಶಿಕ್ಷೆಯ ಲಘುತ್ವ. 1960ರ ಪ್ರಾಣಿಹಿಂಸೆ ತಡೆಯ ಕಾಯಿದೆಯಲ್ಲಿ ಪ್ರಾಣಿಗೆ ಅನಾವಶ್ಯಕ ನೋವು ಕೊಟ್ಟವನಿಗೆ ಮೊದಲ ತಪ್ಪಿಗೆ ಇರುವ ದಂಡ 10ರಿಂದ 50 ರೂಪಾಯಿ. ಸರಪಟಾಕಿಯ ಬೆಲೆಯೇ ಅದಕ್ಕಿಂತ ಹೆಚ್ಚು! ಅರುವತ್ತು ವರ್ಷಗಳ ಹಿಂದಿನ ಈ ಅಂಕೆಯನ್ನು ತಿದ್ದುವುದು ಲೋಕಸಭೆಯ ಕೆಲಸ; ನಮ್ಮ ಪ್ರತಿನಿಧಿಗಳು ಅದನ್ನು ಅಲ್ಲಿ ಎತ್ತಬೇಕು. ಆದರೆ ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನ ಮಾಡಿದರೆ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷಗಳ ವರೆಗೆ ಸೆರೆಮನೆಯೂ ಉಂಟೆಂಬುದನ್ನು ಪೊಲೀಸರೂ ಪೌರರೂ ತಿಳಿದಿರಬೇಕು. ಎರಡನೆಯ ಕಾರಣ, ನಿಯಮವನ್ನು ಪರೀಕ್ಷಿಸುವ ಕಷ್ಟ. ಹುಲಸೂರದ ಪೊಲೀಸ್ ಪೇದೆಯು 125 ಡೆಸಿಬಲ್ಲನ್ನು ಯಾವುದರಿಂದ ಅಳೆಯಬೇಕು? ಬೇರಿಯಂ ಇದೆಯೋ ಇಲ್ಲವೋ ಎಂಬುದನ್ನು ಮೂಗಿನಿಂದ ಪರೀಕ್ಷಿಸಬೇಕೆ? ಆಚೆಗೆ ಮಹಾರಾಷ್ಟ್ರದ ಗಡಿ. ಅಲ್ಲಿ ಕೊಂಡದ್ದನ್ನು ಇಲ್ಲಿ ಹಚ್ಚುವವರನ್ನು ತಡೆಯುವುದು ಹೇಗೆ?

ಆದಕಾರಣ ಕಣ್ಣಿಗೆ ಕಾಣುವ, ಯಂತ್ರ ಬೇಡದ ಕೆಲವು ನಿಯಮಗಳನ್ನು ಮೊದಲು ಬಿಗಿಯಾಗಿ ನಡೆಯಿಸುವುದೇ ಜಾಣತನವೆಂದು ನಮಗೆ ತೋರುತ್ತದೆ. ಒಂದು, ಗಡಿಯಾರ: ಎಂಟರ ಮೊದಲಿಲ್ಲ, ಹತ್ತರ ನಂತರ ಇಲ್ಲ. ಎರಡು, ಸರ: ಪೋಣಿಸಿದ ಸರಪಟಾಕಿಯು ಅಂಗಡಿಯಲ್ಲಿ ಕಂಡರೆ ಆ ಅಂಗಡಿಯ ಪರವಾನೆ ಅಲ್ಲಿಗೆ ಮುಗಿಯಬೇಕು, ಇದನ್ನು ಕಾಣಲು ಪೇದೆಯ ಕಣ್ಣೇ ಸಾಕು. ಮೂರು, ಸ್ಥಳ: ಗ್ರಾಮ ಪಂಚಾಯತಿಯು ಊರ ಹೊರಗೆ, ಕೊಟ್ಟಿಗೆ ಬಣವೆಗಳಿಂದ ದೂರವಾದ ಒಂದು ಬಯಲನ್ನು ಗೊತ್ತುಮಾಡಿ, ಸದ್ದಿನ ಪಟಾಕಿ ಬೇಕೇ ಬೇಕೆನ್ನುವವರು ಅಲ್ಲಿಗೇ ಹೋಗಬೇಕೆಂದು ಡಂಗುರ ಸಾರಿಸಬೇಕು. ನಾಲ್ಕು, ಪಶುಚಿಕಿತ್ಸಾಲಯ, ಗೋಶಾಲೆ ಮತ್ತು ಹಕ್ಕಿಗಳು ಇಳಿಯುವ ಜಲಾಶಯಗಳ ಸುತ್ತ 100 ಮೀಟರಿನ ಗೆರೆಯನ್ನು ಜಿಲ್ಲಾಧಿಕಾರಿಗಳು ತಮ್ಮ ಆಜ್ಞೆಯಲ್ಲಿ ಸೇರಿಸಲು ಯತ್ನಿಸಬೇಕು. ಐದು, ಜಾತ್ರೆಯಲ್ಲಿ ಮದ್ದು ಸುಡುವ ಮಂಡಳಿಗಳು ದಿನವನ್ನೂ ವೇಳೆಯನ್ನೂ ವಾರ ಮೊದಲೇ ಊರಿಗೆ ತಿಳಿಸಬೇಕು. ಇವುಗಳಲ್ಲಿ ಯಾವುದಕ್ಕೂ ಬೊಕ್ಕಸದಿಂದ ದೊಡ್ಡ ಹಣ ಬೇಡ, ಮನಸ್ಸು ಬೇಕು.

ಮನೆಯೊಡೆಯರ ಕರ್ತವ್ಯವೂ ಇದೆ. ಆ ಸಂಜೆ ದನಗಳನ್ನು ಬೇಗ ಒಳಗೆ ಕಟ್ಟಿ, ಹಗ್ಗವನ್ನು ಕಾಲಿಗೆ ಸುತ್ತಿಕೊಳ್ಳದಷ್ಟು ಗಿಡ್ಡವಾಗಿಯೂ ಮಲಗಲು ಬರುವಷ್ಟು ಸಡಿಲವಾಗಿಯೂ ಬಿಡಬೇಕು. ಹಾಲು ಕರೆಯುವುದನ್ನು ಸದ್ದಿಗೆ ಮೊದಲೇ ಮುಗಿಸಬೇಕು. ಕೊಟ್ಟಿಗೆಯ ಕಿಂಡಿಗಳಿಗೆ ಗೋಣಿತಟ್ಟು ಇಳಿಬಿಟ್ಟು, ಒಳಗೊಂದು ಮಂದ ದೀಪವನ್ನಿಟ್ಟು, ಪರಿಚಿತರೊಬ್ಬರು ಹತ್ತಿರವಿದ್ದರೆ ದನಕ್ಕೆ ಧೈರ್ಯ ಬರುತ್ತದೆ. ಬಣವೆಯ ಬಳಿ ಎರಡು ಕೊಡ ನೀರಿರಲಿ. ನಾಯಿಯನ್ನು ಹೊರಗೆ ಸರಪಳಿಯಲ್ಲಿ ಬಿಡದೆ ಮನೆಯ ಒಳಕೋಣೆಗೆ ಸೇರಿಸಿಕೊಳ್ಳಬೇಕು. ಅದು ಅಡಗಿದ್ದರೆ ಎಳೆದು ತೆಗೆಯಬಾರದು. ಬೆಳಿಗ್ಗೆ ದನಗಳನ್ನು ಹೊರಗೆ ಬಿಡುವ ಮೊದಲು ಮನೆಯ ಮುಂದಿನ ಪಟಾಕಿಯ ಕಸವನ್ನು ಗುಡಿಸಿ ಹಾಕಬೇಕು. ಪಾಠಶಾಲೆಯ ಗುರುಗಳು ರಜೆಗೆ ಮುಂಚೆ ಮಕ್ಕಳಿಗೆ ಈ ಮಾತುಗಳನ್ನು ಹೇಳಿದರೆ ಹತ್ತು ಸರಕಾರಿ ಆಜ್ಞೆಗಳಿಗಿಂತ ಹೆಚ್ಚಿನ ಫಲ ದೊರೆತೀತು.

ಇದು ಆಗದ ಕೆಲಸವೆಂದು ಯಾರೂ ನಿರಾಶರಾಗಬೇಕಿಲ್ಲ. ಪಟಾಕಿಯ ತವರಾದ ಶಿವಕಾಶಿಯ ನೆರೆಯಲ್ಲಿಯೇ ಇರುವ ಶಿವಗಂಗಾ ಜಿಲ್ಲೆಯಲ್ಲಿ ವೇಟ್ಟಂಗುಡಿ ಎಂಬ ಪಕ್ಷಿಧಾಮವಿದೆ. ಅದರ ಬದಿಯ ಕೊಳ್ಳುಕುಡಿಪಟ್ಟಿ ಮತ್ತು ವೇಟ್ಟಂಗುಡಿಪಟ್ಟಿ ಎಂಬ ಎರಡು ಹಳ್ಳಿಗಳವರು ಹಕ್ಕಿಗಳು ಬೆದರಿ ಹಾರಿಹೋಗಬಾರದೆಂದು ಹಲವು ದಶಕಗಳಿಂದ ದೀಪಾವಳಿಯಲ್ಲಿ ಪಟಾಕಿ ಸುಡುವುದನ್ನೇ ಬಿಟ್ಟಿದ್ದಾರೆ. ಅವರಿಗೆ ಯಾವ ನ್ಯಾಯಾಲಯವೂ ಆಜ್ಞೆ ಮಾಡಲಿಲ್ಲ. ಊರು ಕೂಡಿ ಮಾತಾಡಿತು, ಊರು ಕೂಡಿ ನಡೆಯಿತು. ನಮ್ಮ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನವರು ಮನೆಯಂಗಳದ ಮರಗಳಲ್ಲಿಯೇ ಹೆಜ್ಜಾರ್ಲೆ ಕೊಕ್ಕರೆಗಳಿಗೆ ಎಡೆಮಾಡಿಕೊಟ್ಟು ಮಕ್ಕಳಂತೆ ಕಾಣುತ್ತ ಬಂದಿದ್ದಾರೆ. ಅಲ್ಲಿಯ ಹಳ್ಳಿಗರು ಮಾಡಿದುದನ್ನು ಶರಣರ ನಾಡಿನ ಹಳ್ಳಿಗರು ಮಾಡಲಾರರೆ?

ಕೊನೆಗೆ ಒಂದು ಮಾತು. ಈ ನೆಲವು ಸದ್ದಿನ ಭಯವನ್ನು ಅರಿಯದ ನೆಲವಲ್ಲ. 1948ರ ಮೇ ತಿಂಗಳಿನಲ್ಲಿ ಹುಲಸೂರಕ್ಕೆ ಸಮೀಪದ ಗೋರಟಾ ಗ್ರಾಮದಲ್ಲಿ ರಜಾಕಾರರ ಬಂದೂಕುಗಳು ಸಿಡಿದಾಗ ಇಲ್ಲಿಯ ಜನರು ಬಾಗಿಲಿಕ್ಕಿಕೊಂಡು, ಮಕ್ಕಳ ಬಾಯಿ ಮುಚ್ಚಿ, ಕತ್ತಲೆಯಲ್ಲಿ ಕುಳಿತ ದಿನಗಳಿದ್ದವು. ಆ ವರ್ಷದ ಸೆಪ್ಟೆಂಬರ್ 17ರಂದು ಬಂದ ಬಿಡುಗಡೆಯ ಬೆಲೆಯನ್ನು ನಮ್ಮ ಹಿರಿಯರು ಹಾಗೆ ತೆತ್ತರು. ಸದ್ದು ಎಲ್ಲಿಂದ ಬರುವುದೋ, ಯಾವಾಗ ನಿಲ್ಲುವುದೋ ಎಂದು ತಿಳಿಯದೆ ನಡುಗುವುದೆಂದರೇನೆಂದು ಅವರು ಬಲ್ಲರು. ಮನುಷ್ಯರ ಆ ದುಃಖಕ್ಕೆ ಪ್ರಾಣಿಗಳ ಒಂದು ರಾತ್ರಿಯ ಸಂಕಟವನ್ನು ಸರಿಗಟ್ಟುವ ಅವಿವೇಕವನ್ನು ನಾವು ಮಾಡುವುದಿಲ್ಲ. ಆದರೆ ಭಯದಿಂದ ಪಾರಾದ ಜನಕ್ಕೆ ಇತರ ಜೀವಿಗಳ ಭಯವು ಅರ್ಥವಾಗಬೇಕೆಂಬುದು ಅತಿಯಾದ ಆಸೆಯಲ್ಲ. ಸ್ವರಾಜ್ಯವೆಂದರೆ ಮನಸ್ಸಿಗೆ ಬಂದಷ್ಟು ಗದ್ದಲ ಮಾಡುವ ಅಧಿಕಾರವಲ್ಲ; ತನ್ನನ್ನು ತಾನೇ ಆಳಿಕೊಳ್ಳುವ ಶಕ್ತಿ. ಜೀವಿಗಳ ಮೇಲೆ ಕರುಣೆಯು ಪ್ರಜೆಯ ಮೂಲ ಕರ್ತವ್ಯಗಳಲ್ಲೊಂದೆಂದು 1976ರಿಂದ ನಮ್ಮ ಸಂವಿಧಾನದಲ್ಲಿಯೇ ಬರೆದಿದೆ.

ಹುಲಸೂರ, ಬಸವಕಲ್ಯಾಣ, ಹುಮನಾಬಾದಗಳ ಮಹಾಜನರಲ್ಲಿಯೂ ತಹಶೀಲದಾರರು, ಪೊಲೀಸ್ ಅಧಿಕಾರಿಗಳು, ಪಂಚಾಯತಿಯ ಅಧ್ಯಕ್ಷರು ಮೊದಲಾದವರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಬರುವ ದೀಪಾವಳಿಗೆ ಹದಿನೈದು ದಿನ ಮೊದಲೇ ಒಂದು ಸಭೆ ಕೂಡಿರಿ. ವೇಳೆಯನ್ನೂ ಬಯಲನ್ನೂ ಗೊತ್ತುಪಡಿಸಿರಿ. ಸರಪಟಾಕಿ ನಮ್ಮೂರಲ್ಲಿ ಇಲ್ಲವೆಂದು ನಿರ್ಣಯಿಸಿರಿ. ಆ ರಾತ್ರಿ ಕೊಟ್ಟಿಗೆಯ ಹಸು ಗಾಬರಿಯಿಲ್ಲದೆ ಮೆಲುಕು ಹಾಕುತ್ತ ಮಲಗಿದರೆ, ದ್ವಾದಶಿಯ ಆರತಿಯೂ ಪಾಡ್ಯದ ಪೂಜೆಯೂ ಸಾರ್ಥಕವಾದವೆಂದು ತಿಳಿಯೋಣ.